'ಸಿನಿಕ' ಶಬ್ದದ ಮೂಲ ಮತ್ತು ಅರ್ಥಪಲ್ಲಟ

ಇಂಗ್ಲಿಷಿನ 'ಸಿನಿಕಲ್' ಎಂಬ ವಿಶೇಷಣವು 'ಸಿನಿಕ' ಎಂಬ ರೂಪದಲ್ಲಿ ಕನ್ನಡದಲ್ಲಿ ನೆಲೆಸಿದೆ. 'ಆಸ್ತಿಕ', 'ನಾಸ್ತಿಕ'ಗಳ ಸಾಲಿನಲ್ಲಿ ಅದು ಹೊರಗಿನದೆನಿಸುವುದಿಲ್ಲ. 'ತನ' ಪ್ರತ್ಯಯವೂ ಅದಕ್ಕೆ ಸಲೀಸಾಗಿ ಹತ್ತಿ 'ಸಿನಿಕತನ'ವಾಗಿದೆ. ಆದರೆ ಕನ್ನಡವು ಸ್ವೀಕರಿಸಿದ್ದು ಈ ಪದದ ಕಡೆಯ ಅರ್ಥವನ್ನು ಮಾತ್ರ: ಯಾರ ಸದುದ್ದೇಶವನ್ನೂ ನಂಬದ, ಎಲ್ಲದರ ಹಿಂದೆಯೂ ಸ್ವಾರ್ಥವನ್ನೇ ಕಾಣುವ ಮನೋಧರ್ಮ. ಹೀಗಾಗಿ ಡಯೋಜಿನಿಸನನ್ನು 'ಸಿನಿಕ'ನೆಂದು ಕರೆದೊಡನೆ ಕನ್ನಡದ ಓದುಗನು ಅವನನ್ನು ಯಾವುದರಲ್ಲಿಯೂ ನಂಬಿಕೆಯಿಲ್ಲದವನೆಂದು ಗ್ರಹಿಸುತ್ತಾನೆ. ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು.

ಗ್ರೀಕಿನಲ್ಲಿ 'ಕ್ಯುಓನ್' ಎಂದರೆ ನಾಯಿ. 'ಕ್ಯುನಿಕೊಸ್' ಎಂದರೆ ನಾಯಿಯಂಥ. ಸಂಸ್ಕೃತದ 'ಶ್ವನ್' ಇದೇ ಇಂಡೋ-ಯುರೋಪಿಯನ್ ಮೂಲದ ಸೋದರ ಶಬ್ದ. ಪಂಥಕ್ಕೆ ಈ ಹೆಸರು ಬಂದ ಬಗೆಗೆ ಎರಡು ವಿವರಣೆಗಳಿವೆ. ಸಾಕ್ರಟೀಸನ ಶಿಷ್ಯನಾದ ಆಂಟಿಸ್ತನೀಸನು ಅಥೆನ್ಸಿನ ಹೊರವಲಯದ ಕ್ಯುನೊಸಾರ್ಗೆಸ್ ಎಂಬ ವ್ಯಾಯಾಮಶಾಲೆಯಲ್ಲಿ ಬೋಧಿಸುತ್ತಿದ್ದುದರಿಂದ ಬಂದಿತೆಂಬುದು ಒಂದು. ಬೀದಿಯಲ್ಲಿಯೇ ಉಂಡು ಮಲಗುತ್ತ, ಲೋಕಲಜ್ಜೆಯನ್ನು ತೊರೆದವರಿಗೆ ಜನರಿಟ್ಟ ಬಯ್ಗುಳವೇ ಹೆಸರಾಯಿತೆಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಸಮಂಜಸ. ಅರಿಸ್ಟಾಟಲನು ತನ್ನ ಅಲಂಕಾರಶಾಸ್ತ್ರ ಗ್ರಂಥದಲ್ಲಿ 'ಆ ನಾಯಿ' ಎಂದಷ್ಟೇ ಹೇಳಿ ಒಬ್ಬನ ಮಾತನ್ನು ಉದ್ಧರಿಸುತ್ತಾನೆ. ಅದು ಡಯೋಜಿನಿಸನನ್ನು ಕುರಿತದ್ದೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಬಯ್ಗುಳವನ್ನು ಇವರು ಬಿರುದಾಗಿ ಧರಿಸಿದರು.

ಸಿನೋಪಿನ ಡಯೋಜಿನಿಸನು ಕ್ರಿ.ಪೂ. 4ನೆಯ ಶತಮಾನದವನು. ಅವನ ಕುರಿತ ಕಥೆಗಳು ಹೆಚ್ಚಾಗಿ ದೊರೆಯುವುದು ಸುಮಾರು ಐದು ಶತಮಾನಗಳ ನಂತರದ ಡಯೋಜಿನಿಸ್ ಲೇಯರ್ಟಿಯಸನ ಗ್ರಂಥದಲ್ಲಿ. ಆದುದರಿಂದ ಅವುಗಳನ್ನೆಲ್ಲ ಚರಿತ್ರೆಯೆಂದು ನಂಬಲಾಗದು. ಆದರೂ ಬೋಧೆಯ ತಿರುಳು ಸ್ಪಷ್ಟವಿದೆ. ಸದ್ಗುಣವೊಂದೇ ಸುಖಕ್ಕೆ ಸಾಕು. ಸಂಪತ್ತು, ಕುಲ, ಕೀರ್ತಿಗಳು ಬರಿಯ ರೂಢಿ. ದೇಹದಂಡನೆಯ ಅಭ್ಯಾಸದಿಂದ ಸ್ವಾವಲಂಬನೆಯೂ ಅದರಿಂದ ನಿರ್ಭೀತ ವಾಕ್ಕೂ ಲಭಿಸುತ್ತವೆ. ಥೀಬ್ಸಿನ ಕ್ರೇಟಿಸನು ಆಸ್ತಿಯನ್ನು ತೊರೆದನು. ಹಿಪಾರ್ಕಿಯಾ ಮನೆತನದ ವಿರೋಧವನ್ನು ಲೆಕ್ಕಿಸದೆ ಅವನನ್ನು ವರಿಸಿ ಅದೇ ಬಾಳನ್ನು ಬಾಳಿದಳು. ಸ್ಟೋಯಿಕ್ ದರ್ಶನದ ಸ್ಥಾಪಕ ಜೀನೋ ಈ ಕ್ರೇಟಿಸನ ಶಿಷ್ಯ. ಲೋಕದ ಅವಮಾನವನ್ನು ಬೇಕೆಂದೇ ಅರಸುವ ಪಾಶುಪತರ ವ್ರತದೊಡನೆ ಇವರ ನಡೆಯನ್ನು ಡೇನಿಯಲ್ ಇಂಗಾಲ್ಸ್ 1962ರ ಲೇಖನದಲ್ಲಿ ಹೋಲಿಸಿದ್ದಾರೆ. ಬಳ್ಳಿಗಾವೆಯ ಕಾಳಾಮುಖರೂ ಲಕುಲೀಶನ ಪರಂಪರೆಯವರೇ ಆದುದರಿಂದ ಈ ಹೋಲಿಕೆ ನಮಗೆ ಅಪರಿಚಿತವಾಗಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಪದವು ಲ್ಯಾಟಿನ್ನಿನ ಮೂಲಕ 16ನೆಯ ಶತಮಾನದಲ್ಲಿ ಕಾಣಿಸಿಕೊಂಡಿತು. 1755ರ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲಿ ಅದರ ಅರ್ಥ ಇನ್ನೂ ನಾಯಿಯ ಗುಣವುಳ್ಳ, ಗುರುಗುಟ್ಟುವ ಎಂದಿದೆ. ದರ್ಶನವು ಮರೆಯಾಗಿ ಅದರ ಬಾಯಿಬಿರುಸು ಮಾತ್ರ ಉಳಿದಿತ್ತು. ಪರರ ಪ್ರಾಮಾಣಿಕತೆಯನ್ನು ಅಲ್ಲಗಳೆಯುವ ಇಂದಿನ ಅರ್ಥವು 19ನೆಯ ಶತಮಾನದಲ್ಲಿ ಬಲಗೊಂಡಿತು. ಸದ್ಗುಣಕ್ಕಾಗಿ ಸರ್ವಸ್ವವನ್ನು ತೊರೆದವರ ಹೆಸರು ಸದ್ಗುಣವೇ ಇಲ್ಲವೆನ್ನುವವರಿಗೆ ಅಂಟಿತು.

ಜರ್ಮನ್ ಭಾಷೆಯು ಪ್ರಾಚೀನರಿಗೆ 'ಕ್ಯುನಿಕರ್' ಎಂದೂ ಆಧುನಿಕರಿಗೆ 'ತ್ಸ್ಯುನಿಕರ್' ಎಂದೂ ಎರಡು ಪದಗಳನ್ನು ಉಳಿಸಿಕೊಂಡಿದೆ. ಪೀಟರ್ ಸ್ಲೊಟರ್‌ಡೈಕನ 1983ರ ಗ್ರಂಥವು ಈ ಭೇದವನ್ನೇ ಆಧರಿಸಿದೆ. ಕನ್ನಡದಲ್ಲಿಯೂ ಪ್ರಾಚೀನ ಪಂಥಕ್ಕೆ ಗ್ರೀಕ್ ಉಚ್ಚಾರಕ್ಕೆ ಸಮೀಪವಾದ 'ಕ್ಯುನಿಕ'ವನ್ನು ಬಳಸಿ, 'ಸಿನಿಕ'ವನ್ನು ಈಗಿನ ಅರ್ಥಕ್ಕೇ ಬಿಡುವುದು ಉಚಿತ. 'ಶ್ವಾನಪಂಥ'ವೆಂಬ ಅನುವಾದವು ವ್ಯುತ್ಪತ್ತಿಗೆ ನಿಷ್ಠವಾದರೂ ನಮ್ಮಲ್ಲಿ ಬರಿಯ ನಿಂದೆಯಾಗಿ ಕೇಳಿಸುತ್ತದೆ.