ಹಳೆ ಹೊಲಿಗೆ ಮೆಷಿನ್ ಕೊಳ್ಳುವಾಗ ಐಬು ಕೇಳಿ

ಹಳೆ ಸೀರೆ, ಲುಂಗಿ ಪದರ ಪದರವಾಗಿ ಸೇರಿಸಿ ತೊಟ್ಟಿಲ ಮಗುವಿಗೆ ಕೌದಿ ಹೊಲಿಯುವ ಉಮ್ಮಂದಿರು ನಮ್ಮಲ್ಲಿ ಈಗಲೂ ಇದ್ದಾರೆ. ಕೈಹೊಲಿಗೆಯಾದರೆ ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಕೆಲವರು ಹಳೆ ಸಿಂಗರ್, ಉಷಾ ಮೆಷಿನ್ ಹುಡುಕುವುದು. ಎರಕದ ಕಬ್ಬಿಣದ ಆ ಕಪ್ಪು ಮೆಷಿನ್ ನಾಲ್ಕೈದು ಪದರ ಬಟ್ಟೆಗೆ ಅಂಜುವುದಿಲ್ಲ.

ಆದರೆ ಹೊಳಪು ನೋಡಿ ದುಡ್ಡು ಎಣಿಸಬೇಡಿ. ಮನೆಯಿಂದಲೇ ದಪ್ಪ ಬಟ್ಟೆ ಒಯ್ದು ಅಲ್ಲೇ ಹೊಲಿದು ನೋಡಿ. ಚಕ್ರ ಬಿಗಿಯಾಗಿದ್ದರೆ ಗಾಬರಿ ಬೇಡ. ಅಂಟಾದ ಹಳೆ ಎಣ್ಣೆ ಸೀಮೆಎಣ್ಣೆಗೆ ಬಿಡುತ್ತದೆ, ಆಮೇಲೆ ಮೆಷಿನ್ ಎಣ್ಣೆ ಹಾಕಿ. ತೆಂಗಿನೆಣ್ಣೆ ಮಾತ್ರ ಬೇಡವೇ ಬೇಡ, ಅದು ತಲೆಗೇ ಇರಲಿ! ಶಟಲ್ ತುಕ್ಕು ತಿಂದಿದ್ದರೆ ಬಿಟ್ಟುಬಿಡಿ. ದೋಣಿಯಂಥ ಉದ್ದ ಶಟಲ್‌ನ ತೀರಾ ಹಳೆ ಮಾಡೆಲ್‌ಗೆ ಬಾಬಿನ್ ಸಿಗುವುದೂ ಕಷ್ಟ. ಕೌದಿಗೆ 16 ಅಥವಾ 18ರ ಸೂಜಿ ಹಾಕಿ, ಹೊಲಿಗೆ ಸ್ವಲ್ಪ ಉದ್ದ ಇಡಿ.

ಹೊಲಿಗೆಯಿಂದಲೇ ಮನೆ ನಡೆಸುವ ಸಹೋದರಿಗೆ ಕೆಟ್ಟ ಮೆಷಿನ್ ದಾಟಿಸಿದರೆ ಅವಳ ಅನ್ನಕ್ಕೇ ಕಲ್ಲು. ಶರೀಅತ್ ಪ್ರಕಾರ ಮಾರುವವರು ಐಬು ಮುಚ್ಚಿಡುವಂತಿಲ್ಲ. ಮೊದಲೇ ಇದ್ದ ಐಬು ಕೊಂಡ ಮೇಲೆ ಗೊತ್ತಾದರೆ ವಾಪಸ್ ಕೊಡುವ ಹಕ್ಕಿದೆ. ಆದರೆ ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಅದಕ್ಕೆ ತಡ ಮಾಡುವಂತಿಲ್ಲ. ಗೊತ್ತಾದ ಮೇಲೂ, ಇರಲಿ ನೋಡುವಾ ಅಂತ ಹೊಲಿಯುತ್ತಾ ಕೂತರೆ ಹಕ್ಕು ಹೋಯಿತು. ಕೂಡಲೇ ಮಾರಿದವರಿಗೆ ತಿಳಿಸಿ.

ಮನೆ ಮೂಲೆಯಲ್ಲಿ ಮೆಷಿನ್ ಇಟ್ಟುಕೊಂಡು ಗಿರಾಕಿ ಕಾಯುತ್ತಿರುವವರೂ ಎಲ್ಲಿ ದಾರ ಕಡಿಯುತ್ತದೆ ಅಂತ ಮೊದಲೇ ಹೇಳಿ, ಕ್ರಯ ಆಮೇಲೆ ಮಾತಾಡಿ.