ಕ್ವೆರಿ ಲಾಗ್: ನಮ್ಮ ಆ್ಯಪ್ ಡೇಟಾಬೇಸ್ ಹತ್ರ ಏನೇನು ಕೇಳ್ತಿದೆ?

ಡಿಬಿಎಂಎಸ್ ಲ್ಯಾಬ್‌ನಲ್ಲಿ ನಾವೆಲ್ಲ ಎಸ್‌ಕ್ಯೂಎಲ್ ಕ್ವೆರಿಗಳನ್ನು ಕೈಯಾರೆ ಬರೆಯುತ್ತೇವೆ. ಸೆಲೆಕ್ಟ್, ಜಾಯಿನ್, ಗ್ರೂಪ್ ಬೈ ಎಲ್ಲವೂ ರೆಕಾರ್ಡ್ ಪುಸ್ತಕದಲ್ಲಿ ಇರುತ್ತವೆ. ಮಿನಿ ಪ್ರಾಜೆಕ್ಟ್‌ಗೆ ಕೂತಾಗ ಮಾತ್ರ ಕಥೆಯೇ ಬೇರೆ. ಜಾಂಗೊ ಆಗಲಿ, ರೈಲ್ಸ್ ಆಗಲಿ, ಸ್ಪ್ರಿಂಗ್ ಬೂಟ್ ಜೊತೆ ಹೈಬರ್ನೇಟ್ ಆಗಲಿ, ಡೇಟಾಬೇಸ್ ಜೊತೆಗಿನ ವ್ಯವಹಾರವನ್ನೆಲ್ಲ ಓಆರ್‌ಎಂ ಎಂಬ ಮಧ್ಯವರ್ತಿ ನೋಡಿಕೊಳ್ಳುತ್ತದೆ. ಟೇಬಲ್ಲಿನ ಸಾಲುಗಳನ್ನು ನಮಗೆ ಆಬ್ಜೆಕ್ಟ್‌ಗಳಾಗಿ ಕೊಡುವುದು, ನಾವು ಆಬ್ಜೆಕ್ಟ್‌ನಲ್ಲಿ ಕೇಳಿದ್ದನ್ನು ಎಸ್‌ಕ್ಯೂಎಲ್ ಆಗಿ ಮಾಡಿ ಕಳಿಸುವುದು ಅದರ ಕೆಲಸ.

ಇದರಿಂದ ಅನುಕೂಲ ತುಂಬಾ ಇದೆ. ಆದರೆ ಡೇಟಾಬೇಸ್‌ಗೆ ಹೋಗುವ ಕ್ವೆರಿಯನ್ನು ಈಗ ಬರೆಯುತ್ತಿರುವವರು ನಾವಲ್ಲ. ನಾವು ಬರೆದ ಕೋಡ್ ಒಂದು, ನಿಜವಾಗಿ ಓಡುವ ಕ್ವೆರಿ ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ತೋರಿಸುವ ಕನ್ನಡಿಯೇ ಕ್ವೆರಿ ಲಾಗ್.

ಒಂದು ಉದಾಹರಣೆ ನೋಡೋಣ. ಕಾಲೇಜು ಫೆಸ್ಟ್‌ಗೆ ಜಾಂಗೊದಲ್ಲಿ ಒಂದು ನೋಂದಣಿ ಆ್ಯಪ್ ಇದೆ ಅಂತ ಇಟ್ಟುಕೊಳ್ಳಿ. ಎರಡು ಟೇಬಲ್: ನೋಂದಣಿ ಮತ್ತು ವಿದ್ಯಾರ್ಥಿ. ಸಂಘಟಕರಿಗೆ ಒಂದು ಪುಟ ಬೇಕು. ಅದರಲ್ಲಿ ಪ್ರತಿ ನೋಂದಣಿಯ ಎದುರು ವಿದ್ಯಾರ್ಥಿಯ ಹೆಸರು ಬರಬೇಕು. ಕೋಡ್ ಬಹಳ ಸರಳ: ಎಲ್ಲ ನೋಂದಣಿಗಳನ್ನು ತಗೊಳ್ಳೋದು, ಫಾರ್ ಲೂಪ್ ಹಾಕೋದು, ಒಳಗೆ ನೋಂದಣಿ ಡಾಟ್ ವಿದ್ಯಾರ್ಥಿ ಡಾಟ್ ಹೆಸರು ಅಂತ ಪ್ರಿಂಟ್ ಮಾಡೋದು. ಮೂರೇ ಸಾಲು. ಓದಿದರೆ ಯಾವ ತಪ್ಪೂ ಕಾಣಲ್ಲ, ಪುಟವೂ ಸರಿಯಾಗಿ ಬರುತ್ತೆ.

ಈಗ ಸೆಟ್ಟಿಂಗ್ಸ್ ಫೈಲ್‌ನಲ್ಲಿ 'ಜಾಂಗೊ ಡಾಟ್ ಡಿಬಿ ಡಾಟ್ ಬ್ಯಾಕೆಂಡ್ಸ್' ಎಂಬ ಲಾಗರ್ ಅನ್ನು ಡೀಬಗ್ ಮಟ್ಟಕ್ಕೆ ಇಟ್ಟು, ಕನ್ಸೋಲ್‌ಗೆ ಜೋಡಿಸಿ. ಡೀಬಗ್ ಮೋಡ್ ಆನ್ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಪುಟವನ್ನು ರಿಫ್ರೆಶ್ ಮಾಡಿದರೆ ಟರ್ಮಿನಲ್‌ನಲ್ಲಿ ಹೀಗೆ ಕಾಣುತ್ತದೆ (ನಮ್ಮ ಲಿಪಿಯಲ್ಲಿ, ಸ್ವಲ್ಪ ಸರಳ ಮಾಡಿ ಬರೆದಿದ್ದೇವೆ):

(0.002) ಸೆಲೆಕ್ಟ್ * ಫ್ರಮ್ ನೋಂದಣಿ
(0.001) ಸೆಲೆಕ್ಟ್ * ಫ್ರಮ್ ವಿದ್ಯಾರ್ಥಿ ವೇರ್ ಐಡಿ = 1
(0.001) ಸೆಲೆಕ್ಟ್ * ಫ್ರಮ್ ವಿದ್ಯಾರ್ಥಿ ವೇರ್ ಐಡಿ = 2
(0.001) ಸೆಲೆಕ್ಟ್ * ಫ್ರಮ್ ವಿದ್ಯಾರ್ಥಿ ವೇರ್ ಐಡಿ = 3

ಹೀಗೇ ಮುಂದುವರಿಯುತ್ತೆ. ಎಡಗಡೆಯ ಅಂಕಿ ಆ ಕ್ವೆರಿಗೆ ಹಿಡಿದ ಸಮಯ, ಸೆಕೆಂಡುಗಳಲ್ಲಿ. ಆಗುತ್ತಿರುವುದೇನು? ಓಆರ್‌ಎಂ ಮೊದಲು ನೋಂದಣಿಗಳನ್ನಷ್ಟೇ ತರುತ್ತದೆ. ವಿದ್ಯಾರ್ಥಿಯ ವಿವರವನ್ನು ನಾವು ಮುಟ್ಟುವವರೆಗೂ ತರುವುದಿಲ್ಲ. ಇದನ್ನು ಲೇಜಿ ಲೋಡಿಂಗ್ ಅಂತಾರೆ. ಲೂಪ್‌ನಲ್ಲಿ ಪ್ರತಿ ಸಲ ಮುಟ್ಟಿದಾಗಲೂ ಒಂದು ಹೊಸ ಕ್ವೆರಿ ಹೊರಡುತ್ತದೆ. 60 ನೋಂದಣಿ ಇದ್ದರೆ 61 ಕ್ವೆರಿ, 600 ಇದ್ದರೆ 601. ಎನ್ ಪ್ಲಸ್ ಒನ್ ಸಮಸ್ಯೆ ಅಂದರೆ ಇದೇ. ಸಂತೆಗೆ ಒಂದು ಸಲ ಹೋಗಿ ಎಲ್ಲ ತರುವ ಬದಲು, ಒಂದೊಂದು ಮೆಣಸಿನಕಾಯಿಗೂ ಒಂದೊಂದು ಸಲ ಹೋಗಿಬಂದ ಹಾಗೆ.

ಮನೆಯ ಪಕ್ಕದಲ್ಲೇ ಅಂಗಡಿ ಇದ್ದರೆ ಈ ಓಡಾಟ ಗೊತ್ತಾಗೋದಿಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಆಗುವುದೂ ಅಷ್ಟೇ. ಜಾಂಗೊ ಮೊದಲಿಗೆ ಕೊಡುವುದು ಎಸ್‌ಕ್ಯೂಲೈಟ್. ಅದು ನಮ್ಮ ಪ್ರೋಗ್ರಾಂನ ಒಳಗೇ ಓಡುತ್ತದೆ, ನಡುವೆ ನೆಟ್‌ವರ್ಕ್ ಇಲ್ಲ. ಜೊತೆಗೆ ಟೆಸ್ಟ್‌ಗೆ ಅಂತ ಹಾಕಿರೋದು ಐದಾರು ಸಾಲು. ಹಾಗಾಗಿ ಡೆಮೊ ದಿನ ಎಲ್ಲ ಚೆನ್ನಾಗೇ ಇರುತ್ತೆ. ಅದೇ ಆ್ಯಪ್ ಸರ್ವರ್‌ಗೆ ಹೋಗಿ, ಡೇಟಾಬೇಸ್ ಬೇರೆ ಮಷೀನ್‌ನಲ್ಲಿ ಕೂತು, ಒಂದು ಸಲ ಹೋಗಿಬರಲು 5 ಮಿಲಿಸೆಕೆಂಡ್ ಹಿಡಿಯುತ್ತೆ ಅಂದುಕೊಳ್ಳಿ. 601 ಕ್ವೆರಿಗೆ ಬರೀ ಓಡಾಟಕ್ಕೇ 3 ಸೆಕೆಂಡ್. ಫೆಸ್ಟ್‌ನ ಬೆಳಿಗ್ಗೆ ಹತ್ತು ಜನ ಸಂಘಟಕರು ಒಟ್ಟಿಗೆ ಆ ಪುಟ ತೆರೆದರೆ ಡೇಟಾಬೇಸ್ ಮೇಲೆ ಬೀಳುವುದು ಆರು ಸಾವಿರ ಕ್ವೆರಿ. ಆಗ 'ಸರ್ವರ್ ಸ್ಲೋ' ಅಂತ ಬೈಯುತ್ತೇವೆ. ಪಾಪ, ಅದರದ್ದೇನು ತಪ್ಪು?

ಪರಿಹಾರ ಒಂದೇ ಪದದಷ್ಟು ದೂರ. ಜಾಂಗೊದಲ್ಲಿ 'ಸೆಲೆಕ್ಟ್ ರಿಲೇಟೆಡ್' ಎಂಬ ಮೆಥಡ್ ಹಾಕಿದರೆ ಜಾಯಿನ್ ಮಾಡಿ ಒಂದೇ ಕ್ವೆರಿಯಲ್ಲಿ ಎಲ್ಲ ತರುತ್ತದೆ. ಒಬ್ಬ ವಿದ್ಯಾರ್ಥಿಗೆ ಹಲವು ನೋಂದಣಿಗಳು ಎಂಬಂತೆ ತಿರುಗುಮುರುಗಾಗಿ ಬೇಕಿದ್ದರೆ 'ಪ್ರಿಫೆಚ್ ರಿಲೇಟೆಡ್' ಬಳಸಿ, ಎರಡು ಕ್ವೆರಿಯಲ್ಲಿ ಮುಗಿಯುತ್ತದೆ. ಸರಿಪಡಿಸಿದ್ದು ಹಾಗೇ ಉಳಿಯಬೇಕಾದರೆ ಟೆಸ್ಟ್‌ನಲ್ಲಿ 'ಅಸರ್ಟ್ ನಮ್ ಕ್ವೆರೀಸ್' ಹಾಕಿ. ನಾಳೆ ಟೀಮ್‌ನ ಇನ್ಯಾರೋ ಟೆಂಪ್ಲೇಟ್‌ನಲ್ಲಿ ಒಂದು ಡಾಟ್ ಸೇರಿಸಿ ಕ್ವೆರಿ ಸಂಖ್ಯೆ ಏರಿದರೆ ಟೆಸ್ಟ್ ಫೇಲ್ ಆಗಿ ತಿಳಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಡೇಟಾಬೇಸ್‌ಗಳಲ್ಲೇ ನಿಧಾನದ ಕ್ವೆರಿಗಳನ್ನು ಹಿಡಿಯುವ ಲಾಗ್ ಇರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದರ ಹೆಸರು ಸ್ಲೋ ಕ್ವೆರಿ ಲಾಗ್. ನಾವು ಬದಲಿಸದಿದ್ದರೆ ಅದರ ಮಿತಿ 10 ಸೆಕೆಂಡ್, ವೆಬ್ ಆ್ಯಪ್‌ಗೆ ಇದು ತೀರಾ ಹೆಚ್ಚು. ಪೋಸ್ಟ್‌ಗ್ರೆಸ್‌ನಲ್ಲಿ 'ಲಾಗ್ ಮಿನ್ ಡ್ಯುರೇಶನ್ ಸ್ಟೇಟ್‌ಮೆಂಟ್' ಎಂಬ ಸೆಟ್ಟಿಂಗ್ ಇದೆ. ಮೊದಲಿಗೆ ಅದರ ಬೆಲೆ -1, ಅಂದರೆ ಆಫ್. 500 ಅಂತ ಕೊಟ್ಟರೆ ಅರ್ಧ ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದ ಕ್ವೆರಿಗಳಷ್ಟೇ ದಾಖಲಾಗುತ್ತವೆ. ಇಂಡೆಕ್ಸ್ ಇಲ್ಲದ ಯುಎಸ್‌ಎನ್ ಕಾಲಂನಲ್ಲಿ ಹುಡುಕುತ್ತಾ ಇಡೀ ಟೇಬಲ್ ಜಾಲಾಡುವ ಕ್ವೆರಿ ಇಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಎಕ್ಸ್‌ಪ್ಲೇನ್ ಹಾಕಿ ನೋಡಿ, ಇಂಡೆಕ್ಸ್ ಕೊಟ್ಟರೆ ಆಯ್ತು.

ಆದರೆ ಎನ್ ಪ್ಲಸ್ ಒನ್ ಈ ಬಲೆಗೆ ಬೀಳುವುದಿಲ್ಲ. ಒಂದೊಂದು ಕ್ವೆರಿಯೂ ಒಂದೇ ಮಿಲಿಸೆಕೆಂಡ್, ಯಾವುದೂ ನಿಧಾನದ್ದಲ್ಲ. ನಿಧಾನ ಇರೋದು ಒಟ್ಟು ಲೆಕ್ಕದಲ್ಲಿ. ಆದ್ದರಿಂದ ಲಾಗ್ ನೋಡುವಾಗ ಎರಡು ಪ್ರಶ್ನೆ ಕೇಳಬೇಕು: ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ಓಡಿತು? ಎರಡನೇ ಪ್ರಶ್ನೆಯನ್ನು ಕೇಳೋರು ಕಡಿಮೆ.

ಹಾಗಾದರೆ ಸರ್ವರ್‌ನಲ್ಲೂ ಎಲ್ಲ ಕ್ವೆರಿಗಳನ್ನು ದಾಖಲಿಸಿಬಿಡೋಣ್ವಾ? ಬೇಡ. ಡಿಸ್ಕ್ ತುಂಬುತ್ತದೆ, ಬರೆಯುವ ಕೆಲಸವೇ ಹೊರೆಯಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕ್ವೆರಿಯ ಜೊತೆ ಅದರ ಬೆಲೆಗಳೂ ಲಾಗ್‌ಗೆ ಬರುತ್ತವೆ. ಜಾಂಗೊ ಲಾಗ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಅವು ಇರುತ್ತವೆ. ಗೆಳತಿಯ ಫೋನ್ ನಂಬರ್, ಜೂನಿಯರ್‌ನ ಇಮೇಲ್, ಲಾಗಿನ್‌ನ ಒಟಿಪಿ, ಸೆಷನ್ ಟೋಕನ್ ಎಲ್ಲವೂ ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ. ಡೇಟಾಬೇಸ್‌ಗೆ ಪಾಸ್‌ವರ್ಡ್ ಹಾಕಿ ಕಾಯುತ್ತೇವೆ, ಲಾಗ್ ಫೈಲ್ ಮಾತ್ರ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಯಾರಾದ್ರೂ ನೋಡ್ರೋ' ಅಂತ ಹಾಕಿಬಿಡುತ್ತೇವೆ.

ಇದು ಬರೀ ವಿದ್ಯಾರ್ಥಿಗಳ ಸಮಸ್ಯೆ ಅಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನೆಲ್ಲ ಬಳಕೆದಾರರಿಗೆ, ಅಂದರೆ ಸುಮಾರು 33 ಕೋಟಿ ಜನರಿಗೆ, ಪಾಸ್‌ವರ್ಡ್ ಬದಲಿಸಲು ಯೋಚಿಸಿ ಎಂದು ಹೇಳಬೇಕಾಯಿತು. ಪಾಸ್‌ವರ್ಡ್‌ಗಳು ಹ್ಯಾಶ್ ಆಗುವ ಮೊದಲೇ ಒಂದು ಆಂತರಿಕ ಲಾಗ್‌ನಲ್ಲಿ ಇದ್ದ ಹಾಗೇ ದಾಖಲಾಗಿದ್ದವು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ವೈಯಕ್ತಿಕ ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಮಾಹಿತಿ ಸೋರಿದ್ದು ಟೇಬಲ್‌ನಿಂದಲೋ ಲಾಗ್‌ನಿಂದಲೋ ಎಂಬುದು ಅದನ್ನು ಕಳೆದುಕೊಂಡವರಿಗೆ ಮುಖ್ಯವಲ್ಲ.

ಹಾಗಾಗಿ ನಮ್ಮ ಸಲಹೆ ಇಷ್ಟು. ಲ್ಯಾಪ್‌ಟಾಪ್‌ನಲ್ಲಿ, ಸುಳ್ಳು ಡೇಟಾ ಮೇಲೆ, ಕ್ವೆರಿ ಲಾಗ್ ಪೂರ್ತಿ ಆನ್ ಇರಲಿ. ಸರ್ವರ್‌ನಲ್ಲಿ ಜಾಂಗೊದ ಡೀಬಗ್ ಮೋಡ್ ಆಫ್ ಇರಲಿ, ಅದು ಆನ್ ಇದ್ದರೆ ಎರರ್ ಪುಟವೇ ಒಳಗಿನ ಗುಟ್ಟುಗಳನ್ನು ಹೊರಗೆ ಹೇಳುತ್ತದೆ. ನಿಧಾನದ ಕ್ವೆರಿಗಳಿಗೆ ಒಂದು ಮಿತಿ ಇಟ್ಟು ಅವುಗಳನ್ನಷ್ಟೇ ದಾಖಲಿಸಿ, ಆ ಫೈಲ್ ಯಾರು ಓದಬಹುದು, ಎಷ್ಟು ದಿನ ಇರಬೇಕು ಅಂತ ಮೊದಲೇ ತೀರ್ಮಾನಿಸಿ. ಪೋಸ್ಟ್‌ಗ್ರೆಸ್ ಇದ್ದರೆ 'ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್' ಎಂಬ ಎಕ್ಸ್‌ಟೆನ್ಶನ್ ಹಾಕಿ. ಅದು ಬೆಲೆಗಳ ಜಾಗದಲ್ಲಿ ಡಾಲರ್ 1, ಡಾಲರ್ 2 ಅಂತ ಇಟ್ಟು ಒಂದೇ ರೀತಿಯ ಕ್ವೆರಿಗಳನ್ನು ಒಟ್ಟುಗೂಡಿಸಿ, ಎಷ್ಟು ಸಲ ಓಡಿತು, ಒಟ್ಟು ಎಷ್ಟು ಸಮಯ ಹಿಡಿಯಿತು ಅಂತ ಲೆಕ್ಕ ಕೊಡುತ್ತದೆ. ಆರು ಸಾವಿರ ಸಲ ಓಡಿದ ಒಂದು ಮಿಲಿಸೆಕೆಂಡಿನ ಕ್ವೆರಿ ಅಲ್ಲಿ ಕಣ್ಣಿಗೆ ಹೊಡೆಯುತ್ತದೆ, ಯಾರ ಫೋನ್ ನಂಬರೂ ಕಾಣುವುದಿಲ್ಲ.

ನಿಮ್ಮ ಮಿನಿ ಪ್ರಾಜೆಕ್ಟ್‌ನ ಅತಿ ಹೆಚ್ಚು ಬಳಕೆಯಾಗುವ ಪುಟವನ್ನು ಆರಿಸಿಕೊಳ್ಳಿ. ಅದಕ್ಕೆ ಎಷ್ಟು ಕ್ವೆರಿ ಬೇಕಾಗಬಹುದು ಅಂತ ಮೊದಲು ಹಾಳೆಯ ಮೇಲೆ ಒಂದು ಅಂಕಿ ಬರೆದಿಡಿ. ಆಮೇಲೆ ಲಾಗ್ ಆನ್ ಮಾಡಿ ಎಣಿಸಿ. ಎರಡು ಅಂಕಿಗಳು ಹೊಂದದಿದ್ದರೆ, ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳುವ ಮೊದಲೇ ನಿಮಗೆ ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿದೆ ಅಂತ ಅರ್ಥ.