ಬಾಲ್ಕನಿಯ ಬಸಳೆ: ಹಂಚಿ ಉಳಿಸಿಕೊಳ್ಳುವ ಕೈತೋಟ

ಥಾಣೆ, ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ರೈಲಿನಲ್ಲಿ ದಿನನಿತ್ಯ ಓಡಾಡುವ ನಾವು ಹಳಿಗಳ ಬದಿಯ ಹಸಿರು ಮಡಿಗಳನ್ನು ದಶಕಗಳ ಕಾಲ ಕಂಡಿದ್ದೇವೆ. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಯೋಜನೆಯನ್ವಯ ರೈಲ್ವೆ ಇಲಾಖೆಯು ತನ್ನ ನೌಕರರಿಗೆ ಗುತ್ತಿಗೆಗೆ ಕೊಟ್ಟ ಭೂಮಿಯದು. ಪಾಲಕ್, ಹರಿವೆ, ಬೆಂಡೆ ಅಲ್ಲಿ ಸೊಂಪಾಗಿ ಬೆಳೆಯುತ್ತಿದ್ದವು. ಆದರೆ ಪಕ್ಕದ ಕೊಳಚೆ ನಾಲೆಯ ನೀರನ್ನೇ ಆ ಮಡಿಗಳಿಗೆ ಹಾಯಿಸುವುದನ್ನು ಕಂಡವರಿಗೆ ಆ ಸೊಪ್ಪನ್ನು ಬಾಯಿಗಿಡಲು ಮನಸ್ಸಾಗುತ್ತಿರಲಿಲ್ಲ. ವಾರಕ್ಕೆರಡು ಹಿಡಿ ಸೊಪ್ಪನ್ನಾದರೂ ನಾವೇ ಬೆಳೆದುಕೊಳ್ಳಬಾರದೇಕೆ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಹುಟ್ಟಿದ್ದು ಹೀಗೆ.

ಈ ಪ್ರಯತ್ನಕ್ಕೆ ನಮ್ಮ ನಗರದಲ್ಲಿಯೇ ಮಾದರಿಗಳಿವೆ. ಮುಂಬಯಿಯ ಡಾ. ಆರ್. ಟಿ. ದೋಶಿಯವರು ಕಬ್ಬಿನ ಸಿಪ್ಪೆ, ಅಡುಗೆಮನೆಯ ಕಸ ಹಾಗೂ ಸ್ವಲ್ಪ ಮಣ್ಣನ್ನು ಬಳಸಿ ತಾರಸಿಯ ಮೇಲೆ ತರಕಾರಿ, ಹಣ್ಣು ಬೆಳೆಯಬಹುದೆಂದು ತೋರಿಸಿದರು. ಆ ಮಾರ್ಗದರ್ಶನದಲ್ಲಿ ಅಂದಿನ ಮುಂಬಯಿ ಪೋರ್ಟ್ ಟ್ರಸ್ಟಿನ ಕೇಂದ್ರ ಅಡುಗೆಮನೆಯ ತಾರಸಿಯಲ್ಲಿ ಪ್ರೀತಿ ಪಾಟೀಲರು 2002ರಲ್ಲಿ ತೋಟವೊಂದನ್ನು ಆರಂಭಿಸಿದರು. ಅಡುಗೆಮನೆಯ ತ್ಯಾಜ್ಯವೇ ಅದರ ಗೊಬ್ಬರವಾಯಿತು. ಬೆಂಗಳೂರಿನಲ್ಲಿ ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್ ಅವರು ತಾರಸಿ ತೋಟದ ತರಬೇತಿಯನ್ನು ಜನಪ್ರಿಯಗೊಳಿಸಿದರು. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ತಾರಸಿ ಇಲ್ಲ, ಇರುವುದು ಒಂದು ಕಿಟಕಿಯ ಜಾಲರಿ ಅಥವಾ ನಾಲ್ಕಡಿ ಅಗಲದ ಬಾಲ್ಕನಿ. ಅಷ್ಟರಲ್ಲಿಯೇ ಏನು ಸಾಧ್ಯ ಎಂಬುದನ್ನು ನೆರೆಹೊರೆಯವರಿಂದ ಕಲಿತಂತೆ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಬಿಸಿಲಿನ ಲೆಕ್ಕ

ಗಿಡ ತರುವ ಮುನ್ನ ಮನೆಯ ಬಿಸಿಲನ್ನು ಗಮನಿಸಬೇಕು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣ ದಿಕ್ಕಿನ ಬಾಲ್ಕನಿಗೆ ದಿನವಿಡೀ ಬಿಸಿಲು. ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ನಮ್ಮ ಭಾಗದಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಚಳಿಗಾಲದಲ್ಲಿ ಚೆನ್ನಾಗಿದ್ದ ಟೊಮೆಟೊ ಗಿಡ ಬೇಸಿಗೆಯ ಕೊನೆಯಲ್ಲಿ ಸೊರಗಲು ಇದೂ ಒಂದು ಕಾರಣ. ಆರು ಗಂಟೆ ಬಿಸಿಲಿದ್ದರೆ ಟೊಮೆಟೊ, ಬೆಂಡೆ, ಮೆಣಸು, ಬದನೆ ಫಲ ಕೊಡುತ್ತವೆ. ಮೂರು ನಾಲ್ಕು ಗಂಟೆ ಮಾತ್ರ ಇದ್ದರೆ ಬಸಳೆ, ಹರಿವೆ, ಮೆಂತ್ಯ, ಪುದೀನ ಸಾಕು. ಅದಕ್ಕಿಂತಲೂ ಕಡಿಮೆಯಿದ್ದಲ್ಲಿ ದೊಡ್ಡಪತ್ರೆ, ಒಂದೆಲಗ ಬೆಳೆಸಿ ತಂಬುಳಿ ಮಾಡಬಹುದು.

ಮಣ್ಣು ಮತ್ತು ಭಾರ

ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 45ರಿಂದ 50 ಕಿಲೋ ತೂಗುತ್ತದೆ. ಅಂತಹ ಹತ್ತು ಕುಂಡಗಳನ್ನು ಹಳೆಯ ಕಟ್ಟಡದ ಬಾಲ್ಕನಿಯಲ್ಲಿ ಸಾಲಾಗಿ ಇಡುವುದು ಬುದ್ಧಿವಂತಿಕೆಯಲ್ಲ. ಮಣ್ಣು, ತೆಂಗಿನ ನಾರಿನ ಪುಡಿ, ಕಳಿತ ಗೊಬ್ಬರ ಇವುಗಳನ್ನು ಸಮಪ್ರಮಾಣದಲ್ಲಿ ಬೆರೆಸಿದರೆ ಭಾರವೂ ತಗ್ಗುತ್ತದೆ, ಬೇರಿಗೆ ಗಾಳಿಯೂ ಆಡುತ್ತದೆ. ತರಕಾರಿ ಸಿಪ್ಪೆಯನ್ನು ತೂತಿರುವ ಡಬ್ಬದಲ್ಲಿ ಒಣ ಎಲೆಯೊಂದಿಗೆ ಪದರ ಪದರವಾಗಿ ತುಂಬಿದರೆ ಎರಡು ತಿಂಗಳ ಸುಮಾರಿಗೆ ಗೊಬ್ಬರ ಸಿದ್ಧ. ಬೇಯಿಸಿದ ಅನ್ನ, ಎಣ್ಣೆ ಪದಾರ್ಥ ಬೇಡ, ಅವು ವಾಸನೆ ಬರಿಸುತ್ತವೆ. ಕುಂಡವನ್ನು ಜಾಲರಿಯ ಹೊರಗೆ ತೂಗು ಹಾಕುವುದೂ ಬೇಡ. ಕೆಳಗೆ ನಡೆದಾಡುವವರ ತಲೆಯ ಚಿಂತೆ ನಮಗಿರಬೇಕು. ತಾರಸಿಯನ್ನು ಬಳಸುವುದಾದರೆ ಸೊಸೈಟಿಯ ಅನುಮತಿ ಪಡೆದು, ಕುಂಡಗಳನ್ನು ಇಟ್ಟಿಗೆಯ ಮೇಲಿರಿಸಿ ನೀರು ಹರಿದುಹೋಗುವಂತೆ ಮಾಡಬೇಕು. ಇಲ್ಲವಾದರೆ ಮೇಲಿನ ಮಹಡಿಯವರಿಗೆ ಸೋರಿಕೆ, ನಮಗೆ ವಾರ್ಷಿಕ ಸಭೆಯಲ್ಲಿ ಮಾತು!

ಊರಿನ ಪಂಚಾಂಗ ಇಲ್ಲಿ ನಡೆಯದು

ವಿಜಯಪುರ, ಕಲಬುರಗಿಯ ಕಡೆಯವರಿಗೆ ಮುಂಗಾರೆಂದರೆ ಬಿತ್ತನೆಯ ಸಂಭ್ರಮ. ಆದರೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಳೆಯು ಕುಂಡದ ಸಾರವನ್ನು ತೊಳೆದೊಯ್ದು ಎಳೆಯ ಸಸಿಗಳನ್ನು ಕೊಳೆಯಿಸುತ್ತದೆ. ಜೂನ್‌ನಲ್ಲಿ ಟೊಮೆಟೊ ನೆಟ್ಟು ಎರಡು ವರ್ಷ ಕಳೆದುಕೊಂಡ ನಂತರವೇ ನನಗಿದು ಅರಿವಾಯಿತು. ಮಳೆಗಾಲಕ್ಕೆ ಹೀರೆ, ಹಾಗಲ, ತೊಂಡೆ, ಬಸಳೆಯಂತಹ ಬಳ್ಳಿಗಳೇ ಸೂಕ್ತ. ಗಣೇಶ ಚತುರ್ಥಿಯ ನಂತರ ಟೊಮೆಟೊ, ಬದನೆ, ಮೆಣಸಿನ ಬೀಜಗಳನ್ನು ಹಾಕಿ, ನವರಾತ್ರಿ ಕಳೆದ ಮೇಲೆ ಸಸಿಗಳನ್ನು ದೊಡ್ಡ ಕುಂಡಕ್ಕೆ ವರ್ಗಾಯಿಸಬೇಕು. ನವೆಂಬರಿನಿಂದ ಜನವರಿಯವರೆಗೆ ಮೆಂತ್ಯ, ಪಾಲಕ್, ಕೊತ್ತಂಬರಿ, ಮೂಲಂಗಿಗೆ ಪ್ರಶಸ್ತ ಕಾಲ. ಹರಿವೆ ಮಾತ್ರ ಬೇಸಿಗೆಯಲ್ಲಿಯೂ ಬಿತ್ತಿದ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ.

ಸಂಜೆ ಅರಳುವ ಹೂವು

ಎತ್ತರದ ಮಹಡಿಯಲ್ಲಿ ಹೀರೆಬಳ್ಳಿ ಹೂ ಬಿಡುತ್ತದೆ, ಕಾಯಿ ಮಾತ್ರ ಕಚ್ಚದು ಎಂಬ ದೂರು ಸಾಮಾನ್ಯ. ದುಂಬಿ, ಪತಂಗಗಳು ಅಲ್ಲಿಗೆ ಬರುವುದು ಅಪರೂಪವಾದ್ದರಿಂದ ಪರಾಗಸ್ಪರ್ಶವನ್ನು ನಾವೇ ಮಾಡಬೇಕಾಗುತ್ತದೆ. ಗೊಂಚಲಾಗಿರುವುದು ಗಂಡು ಹೂ; ಹಿಂಬದಿಯಲ್ಲಿ ಪುಟ್ಟ ಕಾಯಿಯಿರುವುದು ಹೆಣ್ಣು ಹೂ. ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿದರಾಯಿತು. ಕುಂಬಳ, ಸೌತೆ, ಹಾಗಲದ ಹೂಗಳು ಬೆಳಿಗ್ಗೆ ಅರಳುವುದರಿಂದ ಕಚೇರಿಗೆ ಓಡುವವರಿಗೆ ಕಷ್ಟ. ಹೀರೆಯಾದರೋ ಸಂಜೆ ಅರಳುತ್ತದೆ. ಏಳೂವರೆಗೆ ಮನೆ ಸೇರುವವರಿಗೂ ಅದು ಕಾದಿರುತ್ತದೆ.

ನೀರಿನ ವಿಷಯದಲ್ಲಿ ಒಂದೇ ಎಚ್ಚರ. ಬೆರಳನ್ನು ಒಂದಂಗುಲ ಮಣ್ಣಿಗಿಳಿಸಿ ಒಣಗಿದ್ದರೆ ಮಾತ್ರ ನೀರುಣಿಸಿರಿ. ಕುಂಡದಡಿಯ ತಟ್ಟೆಯನ್ನು ವಾರಕ್ಕೊಮ್ಮೆಯಾದರೂ ಖಾಲಿ ಮಾಡಿ ಉಜ್ಜಿರಿ. ಡೆಂಗ್ಯೂ ಹರಡುವ ಸೊಳ್ಳೆ ನಿಂತ ಶುದ್ಧ ನೀರಿನಲ್ಲಿಯೇ ವೃದ್ಧಿಸುತ್ತದೆ.

ಕೊಟ್ಟದ್ದೇ ಉಳಿಯಿತು

ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜದಿಂದ ಬಂದದ್ದು ಗಂಡಾದರೆ ಕಾಯಿಯೇ ಇಲ್ಲ. ಆದ್ದರಿಂದ ಕಾಯಿ ಬಿಡುವ ಬಳ್ಳಿಯ ತುಂಡನ್ನೇ ನೆರೆಯವರಲ್ಲಿ ಕೇಳಿ ತರಬೇಕು. ಬಸಳೆಯೂ ಹಾಗೆಯೇ. ಮೂರು ನಾಲ್ಕು ಗೆಣ್ಣುಗಳಿರುವ ದಂಟನ್ನು, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ನೆಟ್ಟರೆ ಎರಡು ವಾರದಲ್ಲಿ ಚಿಗುರುತ್ತದೆ. ಹಗಲು ಕಿರಿದಾಗುವ ಚಳಿಗಾಲದಲ್ಲಿ ಅದು ಹೂಬಿಟ್ಟು, ಎಲೆ ಸಣ್ಣದಾಗುತ್ತದೆ. ಆಗ ಮಾಗಿದ ನೇರಳೆ ಬಣ್ಣದ ಕಾಯಿಗಳನ್ನು ಒಣಗಿಸಿ ಬೀಜವನ್ನೂ ಇಟ್ಟುಕೊಳ್ಳಬಹುದು. ನಮ್ಮ ಬಸಳೆ ಮರಾಠಿಯವರ ಮಾಯಾಳು. ಉತ್ತರ ಕರ್ನಾಟಕದ ಪುಂಡಿಪಲ್ಯೆ ಅವರ ಅಂಬಾಡಿ. ಹೆಸರು ಬೇರೆಯಾದರೂ ದಂಟು, ಬೀಜಗಳ ವಿನಿಮಯಕ್ಕೆ ಭಾಷೆ ಅಡ್ಡಿಯಾಗದು.

ನನ್ನ ತಾಯಿ ಉಡುಪಿಯ ಕಡೆಯಿಂದ ಒದ್ದೆ ಪತ್ರಿಕೆಯಲ್ಲಿ ಸುತ್ತಿ ತಂದ ಬಸಳೆಯ ದಂಟು ಡೊಂಬಿವಲಿಯ ನಮ್ಮ ಕಿಟಕಿಯಲ್ಲಿ ಇಪ್ಪತ್ತು ವರ್ಷ ಬಾಳಿತು. ಕಟ್ಟಡವು ಪುನರ್ನಿರ್ಮಾಣಕ್ಕೆ ಹೋದಾಗ ನಾವು ಸೇರಿದ ಬಾಡಿಗೆ ಮನೆಗೆ ಬಿಸಿಲೇ ಇರಲಿಲ್ಲ. ಮೂರು ತಿಂಗಳಲ್ಲಿ ಬಳ್ಳಿ ಹೋಯಿತು. ಮರುವರ್ಷ ತಾಯಿಯೂ ತೀರಿಕೊಂಡರು. ಹೊಸ ಮನೆಯ ಗೃಹಪ್ರವೇಶದ ದಿನ, ಕಲ್ಯಾಣಕ್ಕೆ ಹೋಗಿ ನೆಲೆಸಿದ್ದ ಹಳೆಯ ನೆರೆಮನೆಯ ಮರಾಠಿ ಮಹಿಳೆಯೊಬ್ಬರು ಒಂದು ಕುಂಡವನ್ನು ಹಿಡಿದು ಬಂದರು. ತಾಯಿ ಹಿಂದೊಮ್ಮೆ ಅವರಿಗೆ ಕೊಟ್ಟಿದ್ದ ತುಂಡಿನಿಂದ ಬೆಳೆದ ಬಸಳೆ ಅದು. ನಮ್ಮಲ್ಲಿಯೇ ಇಟ್ಟುಕೊಂಡದ್ದು ಉಳಿಯಲಿಲ್ಲ, ಕೊಟ್ಟದ್ದು ಉಳಿಯಿತು.

ಥಾಣೆಯಿಂದ ನವಿಮುಂಬಯಿಯವರೆಗೆ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಸಾಗುತ್ತಿರುವ ಈ ಕಾಲದಲ್ಲಿ ಪ್ರತಿ ಗಿಡದ ಒಂದು ತುಂಡಾದರೂ ಇನ್ನೊಂದು ಮನೆಯಲ್ಲಿರಲಿ. ಮುಂದಿನ ಬಾರಿ ಸಂಘದ ಕಾರ್ಯಕ್ರಮಕ್ಕೆ ಬರುವಾಗ ತಮ್ಮ ಮನೆಯ ಒಂದು ದಂಟನ್ನೋ ಚಿಟಿಕೆ ಬೀಜವನ್ನೋ ಪೊಟ್ಟಣ ಕಟ್ಟಿ ತನ್ನಿರಿ. ತಮ್ಮಲ್ಲಿಲ್ಲದ ಇನ್ನೊಂದನ್ನು ಮನೆಗೆ ಒಯ್ಯಿರಿ.